ಎದೆಮಟ್ಟದ ಶವರ್

ಯರಗಟ್ಟಿಯಲ್ಲಿ ನಮ್ಮ ನಿಜಗುಣಪ್ಪ ಮಾಮಾನಷ್ಟು ಬೈಸಿಕೊಂಡವರು ಇನ್ನೊಬ್ಬರಿಲ್ಲ, ಅವರಷ್ಟು ಪುಕ್ಕಟೆ ಚಹಾ ಕುಡಿದವರೂ ಇಲ್ಲ. ಮೂವತ್ತೆರಡು ವರ್ಷ ಅವರು ಊರಿಗೆ ನೀರು ಬಿಡುವ ಕೆಲಸ ಮಾಡಿದರು. ಎದೆಯುದ್ದದ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿಯಿಂದ ಓಣಿಗೆ ಹೋಗಿ, ರಸ್ತೆ ಬದಿಯ ಗುಂಡಿಯ ಮುಚ್ಚಳ ತೆಗೆದು, ಬಗ್ಗಿ ವಾಲ್ವ್ ತಿರುಗಿಸುವುದು ಅವರ ಕೆಲಸ. ನೀರು ಬಂದ ಓಣಿಯವರು ಕರೆದು ಚಹಾ ಕೊಡುತ್ತಿದ್ದರು, ಬಾರದ ಓಣಿಯವರು ಅವರ ಏಳು ತಲೆಮಾರಿನ ಜಾತಕ ಬಿಡಿಸುತ್ತಿದ್ದರು. ಮಾಮಾ ಎರಡನ್ನೂ ಒಂದೇ ಮುಖದಲ್ಲಿ ತೆಗೆದುಕೊಳ್ಳುತ್ತಿದ್ದರು. ಅವರ ಸ್ವಂತ ಓಣಿಗೆ ಮಾತ್ರ ಕಟ್ಟಕಡೆಗೆ ನೀರು. "ನೀರು ಬಿಡಾಂವನ ಮನಿಗೆ ಮೊದಲ ನೀರು ಬಂದ್ರ ಊರು ಸುಮ್ನಿರತೈತೇನು?" ಎನ್ನುವುದು ಅವರ ನ್ಯಾಯ. ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಅವರ ಹೆಂಡತಿ ದೇವಕ್ಕ ಅತ್ತಿಯ ನ್ಯಾಯ ಬೇರೆಯೇ ಇತ್ತು. ಅದನ್ನು ಅವಳ ಮಾತಿನಲ್ಲೇ ಇಲ್ಲಿ ಬರೆಯುವ ಹಾಗಿಲ್ಲ.

ನಾನು ಶೀತಲ, ಮಾಮಾನ ತಂಗಿಯ ಮಗಳು. ತೊರಗಲ್ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಗ ನಾಲ್ಕನೇ ಇಯತ್ತೆಯ ಮುಂದೆ ಸಾಲೆ ಇರಲಿಲ್ಲ. ಹಾಗಾಗಿ ಐದರಿಂದ ಹತ್ತರವರೆಗೆ ಯರಗಟ್ಟಿಯ ಆ ಮನೆಯಲ್ಲೇ ಬೆಳೆದೆ. ಈಗ ರಾಮದುರ್ಗದ ಸಾಲೆಯೊಂದರಲ್ಲಿ ಕಲಿಸುತ್ತೇನೆ. ಮಕ್ಕಳನ್ನು ಗದರಿಸಿ ಗದರಿಸಿ ನನ್ನ ದನಿ ಒರಟಾಗಿದೆ ಎಂದು ಮಂದಿ ಹೇಳುತ್ತಾರೆ. ಅದು ಹುಟ್ಟಾ ಒರಟು, ಪಾಪ, ಮಕ್ಕಳದೇನೂ ತಪ್ಪಿಲ್ಲ.

ಆ ಮನೆ ಎಂದರೆ ನನಗೆ ಮೊದಲು ನೆನಪಾಗುವುದು ಬಚ್ಚಲು. ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಅದರ ಕೆಳಗೆ ಚಟಚಟ ಉರಿಯುವ ಹತ್ತಿಕಟ್ಟಿಗೆ, ನಡುವೆ ಕೂತು ಎರೆದುಕೊಳ್ಳಲು ಒಂದು ಅಗಲ ಕಲ್ಲು. ಭಾನುವಾರ ಅತ್ತಿ ನನ್ನನ್ನು ಆ ಕಲ್ಲಿನ ಮೇಲೆ ಕುಳ್ಳಿರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಶೀಗೆಕಾಯಿ ಹಚ್ಚಿ ತಿಕ್ಕಿ, ತಂಬಿಗೆಯ ಮೇಲೆ ತಂಬಿಗೆ ಬಿಸಿನೀರು ಸುರಿಯುತ್ತಿದ್ದಳು. "ಅತ್ತಿ, ಸುಡತೈತಿ" ಎಂದು ನಾನು ಚೀರಿದರೆ, "ಸುಡಲಿ, ಮೈಕೈ ನೋವು ಹೋಗತೈತಿ" ಎಂದು ಇನ್ನೊಂದು ತಂಬಿಗೆ. ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಅವಳದೇ ಕೈ. ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆದಳೆಂದರೆ ಎಂಥ ರಚ್ಚೆ ಹಿಡಿದ ಕೂಸೂ ನಿದ್ದೆ ಹೋಗುತ್ತಿತ್ತು. ಎರೆಸಿಕೊಂಡು ಬಂದು, ಒದ್ದೆ ತಲೆಗೆ ಪಂಜೆ ಸುತ್ತಿ, ಕಂಬಳಿಯೊಳಗೆ ಸೇರಿಕೊಂಡಾಗ ಮೈ ಎಷ್ಟು ಹಗುರಾಗುತ್ತಿತ್ತು! ಅಂಥ ಹಗುರ ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ. ಈಗಲೂ ಭಾನುವಾರ ಬಂದರೆ ಅದಕ್ಕಾಗಿ ಜೀವ ಹಂಬಲಿಸುತ್ತದೆ.

ಹೋದ ದಸರೆ ಮುಗಿದ ವಾರದಲ್ಲಿ ಅತ್ತಿಯ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮೇಲಕ್ಕೆ ಏಳದು. ಬೆಳಗಾವಿಯ ಡಾಕ್ಟರು ಗುಳಿಗೆ ಕೊಟ್ಟು, ಕೈ ಆಡಿಸುವ ವ್ಯಾಯಾಮ ತೋರಿಸಿ, "ಪೂರಾ ಬಿಡಾಕ ಒಂದ ವರ್ಷನೂ ಆಗಬಹುದರಿ" ಎಂದು ಕಳಿಸಿದರು. ಉಳಿದ ಒಂದು ಕೈಯಲ್ಲಿ ತಂಬಿಗೆ ಎತ್ತಿದರೆ ತಲೆ ತಿಕ್ಕಲು ಕೈಯಿಲ್ಲ, ತಿಕ್ಕಲು ಹೋದರೆ ತಂಬಿಗೆಗೆ ಕೈಯಿಲ್ಲ. ದಿನದ ಸ್ನಾನಕ್ಕೆ ಸೊಸೆ ಭಾಗೀರಥಿ ನೀರು ಹಾಕತೊಡಗಿದಳು. ಭಾನುವಾರದ ತಲೆಸ್ನಾನವನ್ನು ನಾನು ಹಠ ಮಾಡಿ ನನ್ನ ಪಾಲಿಗೆ ತೆಗೆದುಕೊಂಡೆ. ವಾರವಾರ ಬೆಳಗಿನ ಬಸ್ಸಿಗೆ ರಾಮದುರ್ಗದಿಂದ ಬಂದು, ನನ್ನನ್ನು ಕುಳ್ಳಿರಿಸುತ್ತಿದ್ದ ಅದೇ ಕಲ್ಲಿನ ಮೇಲೆ ಅವಳನ್ನು ಕುಳ್ಳಿರಿಸಿ ಎರೆದೆ. ಅವಳು ಮಾಡಿದ್ದನ್ನು ಅವಳಿಗೇ ಮಾಡುತ್ತಿದ್ದೇನೆ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಸಹೋದ್ಯೋಗಿಗಳ ಮುಂದೆ ಹೇಳಿಕೊಂಡು ಕಣ್ಣಲ್ಲಿ ನೀರು ತಂದುಕೊಂಡದ್ದೂ ಉಂಟು.

ಅತ್ತಿ ಮಾತ್ರ ಕಲ್ಲಿನ ಮೇಲೆ ಮೈ ಕುಗ್ಗಿಸಿ, ಒದ್ದೆ ಸೀರೆಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು ಕೂರುತ್ತಿದ್ದಳು. ನೋವಿಗೆ ಹಾಗೆ ಕೂರುತ್ತಾಳೆ ಎಂದುಕೊಂಡೆ. ಒಂದು ಭಾನುವಾರ ಊಟದ ಹೊತ್ತಿಗೆ ಎಲ್ಲರೆದುರು ಹೇಳಿಯೇ ಬಿಟ್ಟಳು.

"ಎಲ್ಲಾರೂ ಛಲೋನ ಮಾಡಾಕತ್ತೀರಿ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಮೈ ನಾನ ತೊಳಕೋಬೇಕು. ಅದೊಂದು ಆತಂದ್ರ ಸಾಕು, ಮತ್ತೇನೂ ಬ್ಯಾಡ ನನಗ."

ನಮಗೆ ತೊಂದರೆ ಕೊಡಬಾರದೆಂದು ಹೀಗನ್ನುತ್ತಿದ್ದಾಳೆ ಎಂದು ನಾನು ತಿಳಿದೆ. ಮಾಮಾ ಅನ್ನ ಕಲಸುವುದನ್ನು ಬಿಟ್ಟು, "ಹಂಗಾರ ದಿನಾ ನಾನ ಹಾಕತೇನಿ ತಗೋ" ಎಂದರು.

"ಗಂಡನ ಕೈಲೆ ನೀರು ಹಾಕಿಸ್ಕೊಳ್ಳೂದು ಸತ್ತ ದಿನ ಐತಿ. ಈಗ ಯಾಕ ಗಡಿಬಿಡಿ?" ಎಂದಳು ಅತ್ತಿ. ಮಾಮಾ ಮತ್ತೆ ಅನ್ನ ಕಲಸತೊಡಗಿದರು.

ಮಗ ಸುಭಾಸ, "ಬಚ್ಚಲಾ ಒಡದು ಫರಸಿ ಹಾಕ್ಸಿ, ಗೀಜರ್, ಶವರ್ ಕೂಡ್ರಿಸೋಣು. ಮಿಸ್ತ್ರಿನ ಕರೀತೇನಿ" ಎಂದ. ಮಾಮಾನಿಗೆ ಸಿಟ್ಟು ನೆತ್ತಿಗೇರಿತು. "ಇಡೀ ಊರಿಗೆ ನೀರು ಬಿಟ್ಟಾಂವ ನಾ. ನನ್ನ ಹೆಂಡ್ತಿ ತಲಿಮ್ಯಾಲೆ ಒಂದೀಟು ನೀರು ಬಿಡಾಕ ಮಿಸ್ತ್ರಿ ಬೇಕಾ?" ಎಂದು ಎದ್ದವರು ಕೈ ತೊಳೆದು ಸೀದಾ ಪೇಟೆಗೆ ನಡೆದರು. ಬೆನ್ನ ಹಿಂದೆ ನಾನು. ಈ ವಯಸ್ಸಿನಲ್ಲಿ ಏಣಿ ಹತ್ತಿ ಸೊಂಟ ಮುರಿದುಕೊಂಡರೆ ಇಬ್ಬರಿಗೂ ನೀರು ಹಾಕುವ ಪಾಳಿ ಬರುತ್ತದೆಂದು ನನ್ನ ಹೆದರಿಕೆ.

ಪೈಪಿನ ಅಂಗಡಿಯ ಕಾಂತೇಶ ಮಾಮಾನ ಮಾತನ್ನೆಲ್ಲ ಕೇಳಿ, "ಕಾಕಾ, ಗೋಡಿ ಯಾವುದರಿ?" ಎಂದ.

"ಕಲ್ಲು ಮಣ್ಣಿಂದು."

"ಮಣ್ಣಿನ ಗೋಡ್ಯಾಗ ಸ್ಕ್ರೂ ನಿಲ್ಲಂಗಿಲ್ಲರಿ. ನನ್ನ ಮಾತ ಕೇಳ್ರಿ, ತಿಳದಾವ್ರನ್ನ ಕರಸ್ರಿ."

"ನೀ ಪೈಪು ಕೊಡು. ಶಾಣ್ಯಾತನ ನಿನ್ನ ಕಡೇನ ಇರ್ಲಿ."

ಅರ್ಧ ಇಂಚಿನ ಪೈಪು, ಮೊಣಕೈಯಂತೆ ಬಾಗಿದ ನಾಲ್ಕು ಎಲ್ಬೋ, ನೀರು ಬಿಟ್ಟು ಕಟ್ಟಲು ಒಂದು ಕಾಕ್, ಬಿಳಿ ಟೇಪು, ಪೈಪು ಅಂಟಿಸುವ ಸೊಲ್ಯೂಷನ್ನಿನ ಡಬ್ಬಿ, ಸಣ್ಣ ರೊಟ್ಟಿಯಷ್ಟು ಅಗಲದ ಶವರು ಹೊತ್ತು ತಂದೆವು. ಮಾಮಾನ ಉಪಾಯ ಸರಳವಾಗಿತ್ತು. ಬಚ್ಚಲ ಮಣ್ಣಿನ ಮಾಳಿಗೆ ದೊಡ್ಡ ಟಾಕಿಯ ಭಾರ ತಡೆಯದು. ಆದ್ದರಿಂದ ಗೋಡೆಯ ನೆತ್ತಿಯ ಮೇಲೆ ಎರಡು ಹಾಸುಗಲ್ಲು, ಅದರ ಮೇಲೆ ನೂರು ಲೀಟರಿನ ಕರಿ ಪ್ಲಾಸ್ಟಿಕ್ ಡ್ರಮ್ಮು. ಶಿವರಾತ್ರಿ ಕಳೆದಿತ್ತು. ನಮ್ಮ ಕಡೆಯ ಬಿಸಿಲಿಗೆ ಮಧ್ಯಾಹ್ನದೊಳಗೆ ಡ್ರಮ್ಮಿನ ನೀರು ತಾನೇ ಕಾಯುತ್ತದೆ, ಒಲೆಯೂ ಬೇಡ, ಗೀಜರೂ ಬೇಡ.

ಒಲೆಯಲ್ಲಿ ಕಬ್ಬಿಣದ ಕೊಳವೆ ಕೆಂಪಗೆ ಕಾಯಿಸಿ ಡ್ರಮ್ಮಿನ ಬುಡಕ್ಕೆ ಒತ್ತಿ ತೂತು ಮಾಡಿದರು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ವಾಶರ್ ಹಾಕಿದರು. ಗೋಡೆಯ ಕಲ್ಲುಗಳ ಸಂದಿಯಲ್ಲಿ ಬೇವಿನ ಗೂಟ ಬಡಿದು ಪೈಪನ್ನು ಆ ಗೂಟಗಳಿಗೆ ಬಿಗಿದರು. ಗೂಟ ಅಲುಗಲಿಲ್ಲ. ಅಷ್ಟು ವಯಸ್ಸಾದ ಮನುಷ್ಯ ನಟ್ಟು ಬಿಗಿಯುವ ಪಾನಾ ಹಿಡಿದು ಏಣಿಯ ಮೇಲೆ ನಿಂತದ್ದನ್ನು ಕಂಡು, ಸೈಕಲ್ ಮೇಲೆ ಚಾವಿ ಕಟ್ಟಿಕೊಂಡು ಹೊರಡುತ್ತಿದ್ದ ಆ ಕಾಲದ ಮಾಮಾನೇ ಮರಳಿ ಬಂದ ಹಾಗಾಯಿತು ನನಗೆ. ಬಾಯಿ ಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಏಣಿಯ ಮೇಲೇ ಎದೆಯುಬ್ಬಿಸುತ್ತಿದ್ದರು.

ಡಬ್ಬಿಯ ಮೇಲೆ ಒಂದು ತಾಸು ಒಣಗಲು ಬಿಡಿ ಎಂದು ಬರೆದಿತ್ತು. ಓದಿ ಹೇಳಿದೆ. "ಡಬ್ಬಿ ಮ್ಯಾಲೆ ಬರದಾಂವ ಬಚ್ಚಲಾ ಕಟ್ಯಾನೇನು?" ಎಂದು ಹತ್ತು ನಿಮಿಷಕ್ಕೇ ನೀರು ಬಿಟ್ಟರು. ಟಪ್ಪೆಂದು ಎಲ್ಬೋ ಕಳಚಿತು. ಡ್ರಮ್ಮಿನ ನೀರೆಲ್ಲ ನನ್ನ ಮೇಲೆ, ಒಲೆಯ ಮೇಲೆ, ಒಣಗಿಸಿಟ್ಟ ಕಟ್ಟಿಗೆಯ ಮೇಲೆ. ಅಡುಗೆಮನೆಯಿಂದ ಭಾಗೀರಥಿ ನಕ್ಕದ್ದು ಕೇಳಿಸಿತು. ನಾನು ಅತ್ತಿಯ ಸೀರೆ ಉಟ್ಟುಕೊಂಡು ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಜೋಡಣೆಗಳೆಲ್ಲ ಗಟ್ಟಿಯಾಗಿದ್ದವು. ಮಾಮಾ ಕಾಕ್ ತಿರುಗಿಸಿದರು. ಶವರಿನಿಂದ ನೆಗಡಿಯಾದ ಮೂಗಿನ ಹಾಗೆ ಹನಿ ಹನಿ ಇಳಿಯಿತು, ಅಷ್ಟೇ. ಪೈಪಿನಲ್ಲಿ ಗಾಳಿ ಹಿಡಿದಿದೆ ಎಂದು ತಟ್ಟಿದರು, ಬಾಯಿಟ್ಟು ಊದಿದರು, ಶವರು ಬಿಚ್ಚಿ ತೊಳೆದು ಮತ್ತೆ ಹಾಕಿದರು. ಮತ್ತದೇ ಹನಿ. ಕೊನೆಗೆ ಪಾನಾ ಕೆಳಗಿಟ್ಟು ಒದ್ದೆ ನೆಲದಲ್ಲೇ ಕೂತರು. ಊರವರ ಬೈಗುಳಕ್ಕೆ ಒಂದು ದಿನವೂ ಬಾಡದ ಮುಖ ಅವತ್ತು ಬಾಡಿತು. ನನ್ನನ್ನು ತೋಯಿಸಿದ್ದಕ್ಕೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಅತ್ತಿ, "ಅದನ್ನ ಅಷ್ಟ ಮ್ಯಾಲೆ ಯಾಕ ಹಚ್ಚೀರಿ?" ಎಂದಳು.

ಮಾಮಾ ತಾವು ನಿಂತು ಕೈಯೆತ್ತಿದಷ್ಟು ಎತ್ತರಕ್ಕೆ ಶವರು ಹಚ್ಚಿದ್ದರು. ಪೆನ್ಶನ್ ಕಾಗದಕ್ಕೆಂದು ಬೆಳಗಾವಿಗೆ ಹೋದಾಗ ಲಾಡ್ಜಿನಲ್ಲಿ ಕಂಡ ಶವರು ಅಷ್ಟು ಎತ್ತರಕ್ಕಿತ್ತಂತೆ. ಹಾಗೆಂದು ಹೇಳಿದರು.

"ಲಾಡ್ಜಿನ್ಯಾಗ ಕಲ್ಲು ಇರಂಗಿಲ್ಲ, ನಿಂದರತಾರ. ನಮ್ಮ ಮನ್ಯಾಗ ಯಾವತ್ತರ ಯಾರರ ನಿಂತು ಎರಕೊಂಡಾರೇನು? ನಿಂದ್ರಿಸಿ ಮೈ ತೊಳೂದು ಎಮ್ಮೀಗೆ."

ಹೇಳಿ, ಅತ್ತಿ ಒಳಗೆ ಬಂದು ಉಟ್ಟ ಸೀರೆಯಲ್ಲೇ ಕಲ್ಲಿನ ಮೇಲೆ ಕೂತಳು. ಎಡಗೈಯನ್ನು ನೆತ್ತಿಯ ಮೇಲೆ ಒಂದು ಗೇಣು ಎತ್ತಿ, "ಇಲ್ಲಿ ಹಚ್ರಿ" ಎಂದಳು.

ಮಾಮಾ ಆ ಕೈಯನ್ನು ನೋಡಿದರು, ಮೇಲಿನ ಡ್ರಮ್ಮನ್ನು ನೋಡಿದರು, ಆಮೇಲೆ ಹಣೆ ಬಡಿದುಕೊಂಡರು. "ಮೂವತ್ತೆರಡು ವರ್ಷ ಮನಿಮನಿಗೆ ಹೇಳೇನಿ ಶೀತಲ, ನಳ ಟಾಕಿಗಿಂತ ಎಷ್ಟು ತಗ್ಗಿರತೈತಿ ಅಷ್ಟು ಜೋರು ನೀರು ಅಂತ. ಊರ ಟಾಕಿ ಅರವತ್ತು ಅಡಿ ಐತಿ. ಇಲ್ಲೆ ಡ್ರಮ್ಮು ನನ್ನ ಟೊಪ್ಪಿಗಿಂತ ಒಂದ ಮೊಳ ಮ್ಯಾಲೆ ಐತಿ. ನನ್ನ ಮನ್ಯಾಗ ನಾನ ಮರತೆ ನೋಡವಾ."

ಅತ್ತಿಯ ಅಂಗೈ ಇದ್ದಲ್ಲಿ ಇದ್ದಿಲಿನಿಂದ ಗೋಡೆಗೆ ಗೆರೆ ಎಳೆದರು. ಪೈಪನ್ನು ಮುಕ್ಕಾಲು ಇಂಚಿನದಕ್ಕೆ ಬದಲಿಸಿ ಆ ಗೆರೆಯವರೆಗೆ ಇಳಿಸಿದರು. ನಿಂತವರಿಗೆ ಎದೆಮಟ್ಟಕ್ಕೆ ಶವರು! ಸುಭಾಸ ನೋಡಿ, "ಇದನ್ನ ಆಡಿಗೆ ಹಚ್ಚೀರೇನು?" ಎಂದು ಬೈಸಿಕೊಂಡ. ಡಬ್ಬಿ ಒಂದು ತಾಸು ಎಂದಿದ್ದಕ್ಕೆ ಮಾಮಾ ಈ ಸಲ ಮೂರು ದಿನ ಒಣಗಿಸಿದರು. ಗುರುವಾರ ಫೋನು ಮಾಡಿ, "ಚೊರ್ರ್ ಅಂತ ಬಿತ್ತು, ಆದ್ರ ನಿಮ್ಮತ್ತಿ ಭಾನುವಾರನ ತಲಿ ಎರಕೋತೇನಿ ಅಂತಾಳ, ಬಾ" ಎಂದರು.

ಸುಳ್ಳು ಯಾಕೆ ಹೇಳಲಿ, ಫೋನು ಇಟ್ಟಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಇನ್ನು ನನ್ನ ಭಾನುವಾರಗಳಿಗೆ ಅಲ್ಲಿ ಕೆಲಸವಿಲ್ಲ. ಒಂದು ಪ್ಲಾಸ್ಟಿಕ್ ರೊಟ್ಟಿ ನನ್ನ ಜಾಗ ಹಿಡಿಯಿತಲ್ಲ ಎನಿಸಿತು. ಆದರೂ ಎಂದಿನಂತೆ ಶೀಗೆಪುಡಿ ಕಟ್ಟಿಕೊಂಡು ಹೋದೆ. ಶವರು ಕೆಟ್ಟುಹೋಗಿ ಅತ್ತಿ ನನ್ನನ್ನೇ ಕರೆಯಲಿ ಎಂಬ ಕೆಟ್ಟ ಆಸೆಯೂ ಮನಸ್ಸಿನ ಮೂಲೆಯಲ್ಲಿ ಇತ್ತು.

ಭಾನುವಾರ ಹನ್ನೆರಡರ ಹೊತ್ತಿಗೆ ಅತ್ತಿ ನನ್ನ ಕೈಯಿಂದ ಶೀಗೆಪುಡಿ ತೆಗೆದುಕೊಂಡು ಬಚ್ಚಲಿಗೆ ಹೋದಳು. "ಚಿಲಕ ಹಾಕಬ್ಯಾಡ, ಏನರ ಆದೀತು" ಎಂದು ಮಾಮಾ ಹೇಳುತ್ತಿದ್ದಂತೆಯೇ ಒಳಗೆ ಚಿಲಕ ಬಿತ್ತು. ಮಾಮಾ ಪಾನಾ ಹಿಡಿದು ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತೆ. ನೀರು ಬೀಳತೊಡಗಿತು. ನಿಂತಿತು. ಮತ್ತೆ ಬಹಳ ಹೊತ್ತು ಬಿತ್ತು. ಮಾಮಾ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಆಮೇಲೆ ಪೂರ್ತಿ ನಿಂತಿತು. ಬಳೆಯ ಸದ್ದಿಲ್ಲ, ಬಟ್ಟೆಯ ಸದ್ದಿಲ್ಲ. ಎರಡು ನಿಮಿಷ ಕಳೆಯಿತು, ಐದಾಯಿತು.

"ಏ, ಏನಾತ? ನೀರು ಕಟ್ಟತೇನು?" ಎಂದು ಮಾಮಾ ಎದ್ದು ನಿಂತರು. ಪಾನಾದಿಂದ ಬಾಗಿಲು ತಟ್ಟಿದರು. ನಾನು ಬಾಗಿಲಿಗೆ ಕೈ ಹಚ್ಚಿ, "ಅತ್ತಿ, ನಾ ಒಳಗ ಬರ್ಲಿ?" ಎಂದೆ.

"ಯಾರೂ ಬರಬ್ಯಾಡ್ರಿ." ದನಿ ಗಟ್ಟಿಯಾಗಿತ್ತು. "ನೀರೂ ಐತಿ, ನಾನೂ ಅದೇನಿ. ಎರಕೊಂಡದ್ದು ಮುಗೀತು. ಆರು ತಿಂಗಳಾತು, ಈ ಬಚ್ಚಲದಾಗ ಒಬ್ಬಾಕೀನ ಕುಂತಿದ್ದಿಲ್ಲ. ಒಂದೀಟು ಹೊತ್ತು ಸುಮ್ನ ಕುಂತಿರತೇನಿ, ಬಿಡ್ರಿ."

ನಾನು ಬಾಗಿಲಿನಿಂದ ಕೈ ತೆಗೆದೆ. ಆರು ತಿಂಗಳು ನಾನು ಎಷ್ಟು ಪ್ರೀತಿಯಿಂದ ಎರೆಯುತ್ತಿದ್ದೆನೋ, ಅವಳು ಅಷ್ಟೇ ಪ್ರೀತಿಯಿಂದ ನನ್ನನ್ನು ತಾಳಿಕೊಂಡಿದ್ದಳು. ಅದು ತಿಳಿದು ನಾಚಿಕೆಯಾಯಿತು, ಅಳುವೂ ಬಂತು. ಮಾಮಾ ಇನ್ನೂ ಏನೋ ಕೇಳಲು ಬಾಯಿ ತೆರೆದರು. ಅವರ ತೋಳು ಹಿಡಿದು, ಸದ್ದಾಗದಂತೆ ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದೆ.