ಬೋಗುಣಿಯ ತಲೆ

ಲೀಟರು ಬಂದ ಹೊಸತು. ಊರೆಲ್ಲ ಇನ್ನೂ ಸೇರು, ಪಾವು ಅನ್ನುತ್ತಿದ್ದಾಗ ಒಂಟಿಕೊಪ್ಪಲಿನ ಒಂದು ಮಕ್ಕಳ ಶಾಲೆಯಲ್ಲಿ ನಾನು ಟೆಂಪರರಿ ಮಿಸ್. ಇನ್‌ಸ್ಪೆಕ್ಟರು ನನ್ನ ಪಾಠ ನೋಡಿ ಮೆಚ್ಚಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಬರುವ ಬೇಸಿಗೆಗೆ ಮದುವೆ ಎಂದು ಅಪ್ಪ ಹೇಳಿಯಾಗಿತ್ತು. ಗಂಡನ್ನೂ ನೋಡಿಟ್ಟಿದ್ದರು. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಚಾಮರಾಜಪುರಂನ ನಮ್ಮ ಮನೆಯ ಪಾತ್ರೆಗಳನ್ನೆಲ್ಲ ಕೆಡವಿ, ಒಂದು ಉದ್ದನೆಯ ಡಬ್ಬ, ಒಂದು ಅಗಲ ಬಾಯಿಯ ಬೋಗುಣಿ ಹುಡುಕಿದೆ. ಒಂದರ ತುಂಬ ಹಿಡಿದ ನೀರು ಇನ್ನೊಂದರ ಅಂಚಿಗೆ ಸರಿಯಾಗಿ ಬರುತ್ತಿತ್ತು. ಉದ್ದ ಇದ್ದದ್ದೆಲ್ಲ ದೊಡ್ಡದಲ್ಲ ಎಂದು ಮಕ್ಕಳೇ ಸುರಿದು ಕಂಡುಕೊಳ್ಳಲಿ ಎಂಬ ಆಸೆ. "ಪಾಠ ಹೇಳ್ಕೊಡೋದು ಬಿಟ್ಟು ಮನೆಯೆಲ್ಲ ಕೆರೆ ಮಾಡಿದೀಯ" ಎಂದು ಅಮ್ಮ ರೇಗಿದರು.

ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ ಹೆಡ್‌ಮಿಸ್ಟ್ರೆಸ್ಸು ಬಾಗಿಲಲ್ಲೇ ತಡೆದರು. "ನೀರು ಗೀರು ಬೇಡ ಕಣ್ರೀ, ನೆಲ ಈಗ ತಾನೇ ತೊಳೆಸಿದೀನಿ." ಮೈಯೆಲ್ಲ ಉರಿದುಹೋಯಿತು. ಅಂಗಡಿಗೆ ಓಡಿ ರಾಗಿ ತಂದೆ.

ಇನ್‌ಸ್ಪೆಕ್ಟರು ಬಂದು ಕೂತರು. ಮುಂದಿನ ಸಾಲಿನ ಪುಟ್ಟ ಹುಡುಗಿಯನ್ನು ಕರೆದೆ. ಹಳ್ಳಿಯಿಂದ ಬಂದು ಇಲ್ಲಿ ಹಾಲು ಹಾಕುತ್ತಿದ್ದವರ ಮಗಳು, ಚುರುಕು. ಅವಳು ಡಬ್ಬಕ್ಕೆ ರಾಗಿ ತುಂಬಿ, ಮೇಲೆ ಗುಡ್ಡೆ ಕಟ್ಟಿ, ಒಂದು ಕಾಳೂ ಚೆಲ್ಲದಂತೆ ಬೋಗುಣಿಗೆ ಸುರಿದಳು. ಬೋಗುಣಿ ತುಂಬಿತು. ನಾನು ಉಸಿರು ಬಿಡುವಷ್ಟರಲ್ಲಿ ಅವಳೆಂದಳು, "ಇನ್ನೂ ತುಂಬಿಲ್ಲ ಮಿಸ್." ಮತ್ತೆ ಹಿಡಿಹಿಡಿ ರಾಗಿ ಸುರಿದು ಅಗಲ ಬಾಯಿಯ ಮೇಲೆ ದೊಡ್ಡ ಗುಡ್ಡೆ ನಿಲ್ಲಿಸಿದಳು. "ಬೋಗುಣಿನೇ ದೊಡ್ಡದು!" ಎಂದು ತರಗತಿಯೆಲ್ಲ ಕೂಗಿತು.

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು. "ಎರಡೂ ಒಂದೇ ಅಂತ ತೋರಿಸ್ತೀನಿ ಅಂದ್ರಲ್ಲಮ್ಮ?" ಎಂದು ಮೇಜಿನ ಮೇಲಿದ್ದ ರೂಲ್ ದೊಣ್ಣೆ ಮುಂದೆ ಚಾಚಿದರು. "ಮಗೂ, ಇದರಲ್ಲಿ ಮೇಲಿಂದು ಸವರಿಬಿಡು."

ಹುಡುಗಿ ಎರಡೂ ಅಂಗೈಯಲ್ಲಿ ಗುಡ್ಡೆಯನ್ನು ಮುಚ್ಚಿಕೊಂಡಳು. "ತಲೆ ಸವರ್ಬಾರ್ದು ಸಾ. ಸವರ್ಬುಟ್ರೆ ಮನೇಲಿ ರಾಗಿ ನಿಲ್ಲಕಿಲ್ವಂತೆ, ನಮ್ಮವ್ವ ಏಳ್ತಾಳೆ."

ನಮ್ಮ ಮನೆಯಲ್ಲೂ ಕೊಡುವ ಅಳತೆಯ ತಲೆ ಯಾರೂ ಸವರುತ್ತಿರಲಿಲ್ಲ. ಅದನ್ನು ಹೇಳುವ ಹೊತ್ತೇ ಅದು? ಅವಳ ಕೈ ಬಿಡಿಸಿ, ದೊಣ್ಣೆ ಎಳೆದೆ. ರಾಗಿ ನೆಲಕ್ಕೆ ಸುರಿಯಿತು. ಉಳಿದದ್ದನ್ನು ಡಬ್ಬಕ್ಕೆ ಹೊಯ್ದು ತೋರಿಸಿದೆ, ಅಂಚಿಗೆ ಸರಿಯಾಗಿ ಬಂತು. "ಭೇಷ್! ಅಳತೆ ಅಂದ್ರೆ ಮಟ್ಟ" ಎಂದರು ಇನ್‌ಸ್ಪೆಕ್ಟರು. ಹುಡುಗಿ ಬಗ್ಗಿ ಕಾಳು ಆಯುತ್ತಿದ್ದಳು.

ಕೆಲಸ ಕಾಯಂ ಆಯಿತು. ಮದುವೆಯ ಮಾತು ನಿಂತಿತು. ಕುಣಿಯಬೇಕಿತ್ತು, ಒಳಗಿನ ಚಡಪಡಿಕೆ ಮಾತ್ರ ಇಳಿಯಲಿಲ್ಲ.

ಸಂಕ್ರಾಂತಿಗೆ ಆ ಹುಡುಗಿ ಶಾಲೆಗೆ ಎಳ್ಳು ಬೀರಲು ಬಂದಳು. ಹೆಡ್‌ಮಿಸ್ಟ್ರೆಸ್ಸಿಗೆ ಪುಟ್ಟ ಬಟ್ಟಲಲ್ಲಿ ಗುಡ್ಡೆ ಮಾಡಿ ಎಳ್ಳುಬೆಲ್ಲ ಕೊಟ್ಟಳು. ನನ್ನ ಸರದಿ ಬಂದಾಗ ಬಟ್ಟಲು ತುಂಬಿ, ಬೆರಳಿನಿಂದ ಮೇಲಿನದನ್ನು ಸವರಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದಳು. ಆಮೇಲೆ ನಕ್ಕಳು.

"ನಿಮ್ಗೆ ಇಂಗೇ ಇರ್ಬೇಕಲ್ವಾ ಮಿಸ್?"

ಇನ್ನೊಂದು ಹಿಡಿ ಹಾಕೇ ಎನ್ನಬೇಕೆಂದು ನಾಲಗೆಯ ತುದಿಗೆ ಬಂತು. ಅಷ್ಟು ಚೆನ್ನಾಗಿ ಪಾಠ ಒಪ್ಪಿಸಿದವಳ ಮುಂದೆ ಯಾವ ಬಾಯಲ್ಲಿ ಕೇಳಲಿ? ಸೆರಗೊಡ್ಡಿ, ಕೊಟ್ಟಷ್ಟನ್ನೇ ಇಸಿದುಕೊಂಡೆ.