ಗಂಟೆ ಹೊಡೆಯುವವನ ಹತ್ತನೇ ತರಗತಿ

ಮಾದನಹಿಪ್ಪರಗಾದ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಗಂಟೆ ಹೊಡೆಯುವ ಜವಾನನೊಬ್ಬನಿದ್ದ. ನಡುವಯಸ್ಸು. ಗಂಟೆಯ ಸುತ್ತಿಗೆಯನ್ನು ಕಂಕುಳಲ್ಲಿಟ್ಟುಕೊಂಡೇ ಓಡಾಡುತ್ತಿದ್ದ. ಹತ್ತನೇ ತರಗತಿ ಪಾಸಾದರೆ ಅವನಿಗೆ ಗುಮಾಸ್ತನ ಕೆಲಸ ಸಿಗುವುದಿತ್ತು. ಮತ್ತೆ ಶಾಲೆಗೆ ಸೇರುತ್ತೀಯಾ ಎಂದು ಯಾರು ಕೇಳಿದರೂ ಒಂದೇ ಉತ್ತರ: "ವಿಚಾರ ಮಾಡಾಕತ್ತೇನ್ರಿ."

ಒಮ್ಮೆ ಬುತ್ತಿ ತಂದ ಅವನ ಹೆಂಡತಿ ಎಲ್ಲರೆದುರೇ ಅಂದಳು: "ಎಮ್ಮಿ ಸುದ್ದಾ ಇಷ್ಟು ಮೆಲುಕು ಹಾಕಂಗಿಲ್ಲ. ಒಂದಿನ ಕ್ಲಾಸಿನ್ಯಾಗ ಕುಂತಾದ್ರೂ ನೋಡ್ರಿ!"

ಮರುದಿನ ಅವನು ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಮುದುಡಿ ಕುಳಿತ. ನಾನು ಬೀಜಗಣಿತ ಶುರುಮಾಡಿದೆ. ಅವನು ಆಕಳಿಸಿದ, ಕಿಟಕಿಯಾಚೆ ನೋಡಿದ, ಆಮೇಲೆ ಕೈಯೆತ್ತಿ, "ನೀರು ಕುಡದು ಬರ್ತೇನ್ರಿ ಸರ್" ಎಂದು ಹೊರಗೆ ಹೋದ. ಮರುಕ್ಷಣವೇ ಶಾಲೆ ಬಿಡುವ ಉದ್ದನೆಯ ಗಂಟೆ ಮೊಳಗಿತು. ಆಗಿನ್ನೂ ಮಧ್ಯಾಹ್ನದ ಊಟವೂ ಆಗಿರಲಿಲ್ಲ. ಮಕ್ಕಳು ಹೋ ಎಂದು ಗೇಟು ದಾಟಿದರು. ಅವರ ನಡುವೆ ಅವನೂ ಓಡುತ್ತಿದ್ದ.

ಮರುದಿನ ಮುಖ್ಯೋಪಾಧ್ಯಾಯಿನಿ ಅವನನ್ನು ಕರೆಸಿದರು. "ಏನಪಾ, ನಿನ್ನಿ ಶಾಲಿ ಯಾಕ ಬಿಟ್ಟಿ?"

"ತಪ್ಪಾತ್ರಿ ಮೇಡಂ. ಲೆಕ್ಕ ಮುಗೀವಲ್ದಾಗಿತ್ರಿ."

"ಹಂಗಾರ ಸೇರೋದು ಬ್ಯಾಡೇನು?"

"ಸೇರ್ತೇನ್ರಿ," ಎಂದು ಅವನು ಸುತ್ತಿಗೆಯನ್ನು ಮೇಜಿನ ಮೇಲಿಟ್ಟ. "ಆದ್ರ ಗಂಟಿ ಬ್ಯಾರೆಯವರ ಕೈಯಾಗ ಕೊಡ್ರಿ. ನನ್ನ ಮ್ಯಾಲ ನನಗ ಭರೋಸಾ ಇಲ್ರಿ."