ಎರಡನೇ ಹಂತದ ಫೋಟೋ

ಅಳತೆ ತೆಗೆದದ್ದು ನಾನೇ. ಇಷ್ಟು ಖಚಿತ. ಉಳಿದದ್ದನ್ನು ಎಷ್ಟೋ ಜನಕ್ಕೆ ಎಷ್ಟೋ ರೀತಿ ಹೇಳಿದ್ದೇನೆ. ನಡೆದದ್ದು ಯಾವುದು, ಹೇಳುತ್ತ ಹೇಳುತ್ತ ಬೆಳೆದದ್ದು ಯಾವುದು ಎಂದು ಬೇರೆ ಮಾಡಬೇಕಾದರೆ ಟ್ಯಾಬ್ ತೆರೆದು ನೋಡಬೇಕು. ಅದರಲ್ಲಿ ವಾರ, ಗಂಟೆ, ಫೋಟೋ ಎಲ್ಲ ಇವೆ. ನನ್ನನ್ನು ಒಳ್ಳೆಯವನನ್ನಾಗಿ ಮಾಡುವ ಗರಜು ಅದಕ್ಕಿಲ್ಲ.

ಗಂಗಾವತಿಯ ಒಬ್ಬ ಚಾವಣಿ ಗುತ್ತಿಗೆದಾರನ ಬಳಿ ಅಂದಾಜು ಮಾಡುವ ಕೆಲಸ ನನ್ನದು. ಶ್ರೀರಾಮನಗರದ ಕಡೆ ಅಕ್ಕಿ ಗಿರಣಿಗಳು, ಕೊಪ್ಪಳದಲ್ಲಿ ಗೋದಾಮುಗಳು. ಕುಷ್ಟಗಿ, ಯಲಬುರ್ಗಾ ಕಡೆ ಹಳೆಯ ಮನೆಗಳ ಮಣ್ಣಿನ ಚಾವಣಿ, ಅಂದರೆ ಮಾಳಿಗೆ, ಕಿತ್ತು ತಗಡು ಹೊದಿಸುವುದು. ಟ್ಯಾಬಿನಲ್ಲಿ ಅಳತೆ ತುಂಬಿದರೆ ಅದರ ತಂತ್ರಾಂಶವೇ ಆಳು, ದಿನ, ಸಾಮಾನು ಲೆಕ್ಕ ಹಾಕಿ ಕೆಲಸವನ್ನು ಐದು ಹಂತ ಮಾಡುತ್ತದೆ: ಅಳತೆ, ಕೀಳುವುದು, ಕಬ್ಬಿಣ, ತಗಡು, ಒಪ್ಪಿಸುವುದು. ಒಂದು ಹಂತ ನೂರಕ್ಕೆ ನೂರಾಗಿ ಫೋಟೋ ಏರುವವರೆಗೆ ಮುಂದಿನ ಹಂತಕ್ಕೆ ಬೀಗ.

ಕುಷ್ಟಗಿಯ ಆಚೆಯ ಒಂದು ಹಳ್ಳಿಯಲ್ಲಿ ಒಬ್ಬ ನೇಕಾರ ಹೆಂಗಸಿನ ಮನೆ. ಕಂಬದಿಂದ ಕಂಬಕ್ಕೆ ಒಂದು ಅಂಕಣದ ಹಾಗೆ ಎಣಿಸಿದರೆ ಆರು ಅಂಕಣ. ಒಬ್ಬಳೇ ಇದ್ದಳು. ಹಿಂದಿನ ಎರಡು ಅಂಕಣದಲ್ಲಿ ಅವಳ ಮಗ್ಗ. ನೆಲದಲ್ಲಿ ಗುಣಿ ತೋಡಿ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ.

"ಈ ಎರಡ ಅಂಕಣ ಕಡೀಕ ಕೀಳ್ರಿ," ಎಂದಳು. "ಮಗ್ಗಕ್ಕ ಹೂಡಿದ ಹಾಸಿನ್ಯಾಗ ಒಂದ ಸೀರಿ ನೂಲ ಉಳದೈತಿ. ಮುಗೀಲಿ. ಗುಣಿ ಮಗ್ಗ ರೀ, ಎತ್ತಿ ಹೊರಗ ಇಡಾಕ ಬರಂಗಿಲ್ಲ."

"ಆತು ಬೇ," ಎಂದೆ.

ಟ್ಯಾಬಿನಲ್ಲಿ ಎರಡನೇ ಹಂತವನ್ನು ಎರಡಾಗಿ ಒಡೆಯಬಹುದಿತ್ತು. ಒಡೆದರೆ ಗುತ್ತಿಗೆದಾರನ ಫೋನಿಗೆ ಕೆಂಪು ಗುರುತು ಹೋಗುತ್ತದೆ, ಅವನು ಯಾಕೆ ಎಂದು ಕೇಳುತ್ತಾನೆ. ಒಡೆಯಲಿಲ್ಲ. ಬಾಯಲ್ಲಿ ಆತು ಎಂದೆ, ಬೆರಳಲ್ಲಿ ಆರೂ ಅಂಕಣ ಒಂದೇ ಹಂತಕ್ಕೆ ಹಾಕಿದೆ.

ಮಣ್ಣಿನ ದಪ್ಪವನ್ನು ಮಳೆನೀರು ಹೊರಗೆ ಬೀಳುವ ದೋಣಿಯ ಬಾಯಲ್ಲಿ ಅಳೆದೆ. ಆರು ಇಂಚು. ಏಣಿಯಿಂದ ಕೈಗೆ ಸಿಗುವ ಜಾಗ ಅದು. ಮಾಳಿಗೆ ಕೆಲಸದ ಮುದುಕ ಕೆಳಗೆ ನಿಂತಿದ್ದ. ಐವತ್ತು ವರ್ಷ ಇಂಥ ಮಾಳಿಗೆಗಳನ್ನೇ ಕಟ್ಟಿ, ಈಗ ನಮ್ಮ ಕೈಕೆಳಗೆ ಅವನ್ನೇ ಕೀಳುತ್ತಿದ್ದವನು.

"ಸಾಹೇಬ್ರ, ದೋಣಿ ಬಾಯಾಗ ಅಳದ್ರ ಹೆಂಗ? ಅಲ್ಲಿ ಮಣ್ಣ ತೊಳದ ಹೋಗಿರತೈತಿ. ವರ್ಷಾ ಮಿರಗ ಮಳಿಗಿಂತ ಮೊದಲ ಮ್ಯಾಲೆ ಹೊಸ ಮಣ್ಣ ಹಾಕ್ಯಾರ. ನಡುವ ಹಾರಿ ಹೊಡದ ನೋಡ್ರಿ, ಎರಡ ಮೊಳ ಐತಿ."

"ಅಜ್ಜಾ, ಹಾರಿಗೆ ಚಾರ್ಜ್ ಹಾಕೀಯೇನು?"

ಆಳುಗಳು ನಕ್ಕರು. ಮುದುಕನೂ ನಕ್ಕ. ಇಲ್ಲ, ಅವನು ನಗಲಿಲ್ಲ. ಅವನು ನಕ್ಕ ಎಂದು ನಾನು ಆಮೇಲೆ ಸೇರಿಸಿಕೊಂಡೆ.

ಆರು ಇಂಚಿಗೆ ತಂತ್ರಾಂಶ ಎರಡು ದಿನ ಕೊಟ್ಟಿತು, ಶನಿವಾರ ಮತ್ತು ಭಾನುವಾರ. ಓಣಿಯಲ್ಲಿ ಟ್ರ್ಯಾಕ್ಟರ್ ನುಗ್ಗುವುದಿಲ್ಲ, ಮಣ್ಣು ರಾಶಿ ಹಾಕಲೂ ಜಾಗವಿಲ್ಲ, ಸಾಗಿಸಲು ಚಕ್ಕಡಿಯೇ ಬೇಕು. ನಡುಮಾಳಿಗೆಯಲ್ಲಿ ಎರಡು ಮೊಳವೇ ಇತ್ತು. ಎರಡು ದಿನ ಚಕ್ಕಡಿ ಹೊಡೆದರೂ ಮುಂದಿನ ನಾಲ್ಕು ಅಂಕಣದ ಮಣ್ಣು ಅರ್ಧ ಹಾಗೇ ಉಳಿಯಿತು. ಭಾನುವಾರ ಸಂಜೆ ಚಕ್ಕಡಿಯವನು ಎತ್ತು ಬಿಚ್ಚಿಕೊಂಡು ಹೊರಟ.

"ನಾಳೆ ಲಗೂನ ಬಾ," ಎಂದೆ.

"ನಾಳೆ ಸೋಮಾರ ಅಲ್ಲೇನ್ರಿ? ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ನೀವೂ ಈ ಕಡ್ಯಾವ್ರ ಅದೀರಿ, ಕೇಳತೀರಲ್ಲ."

ನನ್ನ ಅಪ್ಪನ ಎತ್ತುಗಳೂ ಸೋಮವಾರ ಕೊಟ್ಟಿಗೆ ಬಿಡುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ತಂತ್ರಾಂಶಕ್ಕೆ ಗೊತ್ತಿರಲಿಲ್ಲ, ಮತ್ತು ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು ಅದಕ್ಕೆ ಗೊತ್ತಿದ್ದಷ್ಟೇ ಆಗಿತ್ತು.

ಸೋಮವಾರ ಬೆಳಗ್ಗೆ ಗುತ್ತಿಗೆದಾರನ ಫೋನು. "ಏನ್ರೀ ಇಂಜಿನಿಯರ್ರ, ಎರಡನೇ ಹಂತ ಐವತ್ತರಾಗ ನಿಂತೈತಿ? ಅಕ್ಕನ ಮನ್ಯಾಗ ಹಬ್ಬದ ಊಟಕ್ಕ ಹೋಗೀರೇನು? ಕಬ್ಬಿಣದ ಲಾರಿ ನಾಳೆ. ಸಂಜಿತನಕ ನೂರ ತೋರಿಸಲಿಲ್ಲ ಅಂದ್ರ ಲಾರಿ ಶ್ರೀರಾಮನಗರದ ಗಿರಣಿಗೆ ಹೋಗತೈತಿ. ಆಮ್ಯಾಲೆ ಹದಿನೈದ ದಿನ ನೀವ ಛತ್ರಿ ಹಿಡಕೊಂಡ ನಿಂದರ್ರಿ."

ಮಾಳಿಗೆ ಹತ್ತಿ ನೋಡಿದೆ. ಇನ್ನೂ ಕೀಳದೆ ಗಟ್ಟಿ ನಿಂತಿದ್ದದ್ದು ಹಿಂದಿನ ಎರಡು ಅಂಕಣ ಮಾತ್ರ. ಮಗ್ಗದ ಮೇಲಿನವು.

"ಮುಂದಿನ ಮಣ್ಣೆಲ್ಲ ಅತ್ತ ಎಳೀರಿ," ಎಂದೆ. ನಾಲ್ಕು ಅಂಕಣ ಬಯಲಾದರೆ, ಹಿಂದಿನದು ಕಾಣದ ಹಾಗೆ ಮೂಲೆಯಿಂದ ಫೋಟೋ ಹೊಡೆಯಬಹುದು ಎಂದು ಯೋಚಿಸಿದ್ದೆ.

ಮುದುಕ ಸಲಿಕೆ ಊರಿ ನಿಂತ. "ಆ ತೊಲಿ ತಡಿಯಂಗಿಲ್ರಿ. ಬೇವಿಂದು. ನಡುವ ಹುಳ ತಿಂದೈತಿ, ನಿನ್ನೆ ಬಡದ ನೋಡೀನಿ. ಕೆಳಗ ಹೆಣ್ಣಮಗಳು ಕುಂತಾಳ."

"ಹಂಗಾರ ನೀ ಇಳಿ. ಇವತ್ತ ಸೋಮಾರ, ಎತ್ತಿನ ಜೋಡಿ ಕುಂದರ ಹೋಗು."

ಈ ಸಲ ಆಳುಗಳು ಜೋರಾಗಿ ನಕ್ಕರು. ಮುದುಕ ಇಳಿದು ಹೋಗಿ ಎದುರು ಮನೆಯ ಕಟ್ಟೆಯ ಮೇಲೆ ಕೂತ.

ಬುಟ್ಟಿ ಬುಟ್ಟಿ ಮಣ್ಣು ಬೀಳತೊಡಗಿತು. ಕೆಳಗಿನಿಂದ ಲಾಳಿಯ ಸದ್ದು ನಿಂತಿತು. ಬೆಳಕಿಂಡಿಯಲ್ಲಿ ಅವಳ ದನಿ ಬಂತು: "ಮ್ಯಾಲೇನ ನಡಸೀರಿ? ಹಾಸಿನ ಮ್ಯಾಲೆ ಧೂಳ ಬೀಳಾಕತ್ತೈತಿ."

ಇಲ್ಲಿ ನಾನು "ಹೊರಗ ಬಾ ಬೇ, ಹೊರಗ ಬಾ" ಎಂದು ಕೂಗಿದೆ ಎಂದು ಗುತ್ತಿಗೆದಾರನಿಗೆ ಹೇಳಿದ್ದೇನೆ, ಹೆಂಡತಿಗೆ ಹೇಳಿದ್ದೇನೆ. ಎರಡು ಸಲ ಕೂಗಿದೆ ಎಂದು ವಿವರವನ್ನೂ ಕೊಟ್ಟಿದ್ದೇನೆ. ನಾನು ಅಂದದ್ದು ಬೇರೆ. ಬೆಳಕಿಂಡಿಗೆ ಬಾಯಿಟ್ಟು, "ಏನಿಲ್ಲ ಬೇ. ನೀ ನೇಯಿ," ಎಂದೆ.

ಲಾಳಿಯ ಸದ್ದು ಮತ್ತೆ ಶುರುವಾಯಿತು.

ಮುಂದಿನ ನಾಲ್ಕೂ ಅಂಕಣ ಬಯಲಾಗುತ್ತಿದ್ದ ಹಾಗೆ ತೊಲೆ ಮುರಿಯಿತು, ದೊಡ್ಡ ಸದ್ದೇನೂ ಆಗಲಿಲ್ಲ. ಹಸಿ ಕಟ್ಟಿಗೆ ಕಾಲಲ್ಲಿ ಒತ್ತಿ ಮುರಿದ ಹಾಗೆ. ಮಣ್ಣು ಕುಸಿದು ಇಳಿಯಿತು. ಎದುರು ಕಟ್ಟೆಯಿಂದ ಮುದುಕ ಓಡಿದ. ನಾವು ಮಾಳಿಗೆಯಿಂದ ಇಳಿದು ಬರುವಷ್ಟರಲ್ಲಿ ಅವನು ಗುಣಿಯ ಬಳಿ ಕೈಯಿಂದ ಮಣ್ಣು ತೋಡುತ್ತಿದ್ದ. ಸಲಿಕೆ ಮುಟ್ಟಬೇಡಿ ಎಂದು ಚೀರಿದ. ಗುಣಿಯಲ್ಲಿದ್ದ ಅವಳ ಕಾಲಿಗೆ ಏನೂ ಆಗಿರಲಿಲ್ಲ. ಬಾಗಿದ ಬೆನ್ನಿಗೂ ಪೆಟ್ಟು ಅಷ್ಟಿರಲಿಲ್ಲ. ಲಾಳಿ ಎಸೆಯಲು ಚಾಚಿದ್ದ ಬಲಗೈ ಮಾತ್ರ ತೊಲೆಯ ಕೆಳಗಿತ್ತು.

ಅವಳನ್ನು ಟಂಟಂ ಆಟೋದಲ್ಲಿ ಮಲಗಿಸಿ ಕುಷ್ಟಗಿಗೆ ಕರೆದೊಯ್ದರು. ಮುದುಕ ಜೊತೆಗೆ ಹೋದ. ನಾನು ಹೋಗಲಿಲ್ಲ. ಒಬ್ಬನೇ ಆ ಮನೆಯ ನಡುವೆ ನಿಂತು ತಲೆ ಎತ್ತಿ ನೋಡಿದೆ. ಆರೂ ಅಂಕಣದ ಮೇಲೆ ಆಕಾಶ. ಯಾವ ಮೂಲೆಯಿಂದ ಹೊಡೆದರೂ ಫೋಟೋ ಸರಿಯಾಗಿ ಬರುತ್ತಿತ್ತು. ನೆಲವೂ ಆಕಾಶವೂ ಬರುವ ಹಾಗೆ ಒಂದು ಮೂಲೆಯಿಂದ ಹೊಡೆದೆ. ನೂರು ಎಂದು ಒತ್ತಿದೆ. ಮೂರನೇ ಹಂತದ ಬೀಗ ತೆರೆಯಿತು. ಮರುದಿನ ಲಾರಿ ಬಂತು.

ಮುಂದಿನ ಬೇಸಿಗೆಯಲ್ಲಿ ಐದನೇ ಹಂತಕ್ಕೆ, ಅಂದರೆ ಒಪ್ಪಿಸಲು, ನಾನೇ ಹೋಗಬೇಕಾಯಿತು. ತಗಡು ಚೆನ್ನಾಗಿ ಕೂತಿತ್ತು. ಆ ಮಳೆಗಾಲದಲ್ಲಿ ಒಂದು ಹನಿಯೂ ಸೋರಿರಲಿಲ್ಲವಂತೆ. ಒಳಗೆ ಮಾತ್ರ ಬಾಣಲೆಯ ಹಾಗೆ ಕಾದಿತ್ತು. ಮಗ್ಗವಿದ್ದ ಗುಣಿಯನ್ನು ಅದೇ ಮಣ್ಣಿನಿಂದ ಮುಚ್ಚಿ ಸಾರಿಸಿದ್ದರು. ಅದರ ಮೇಲೆ ಕೂತು ಅವಳು ಬೇರೆಯವರ ಮಗ್ಗಕ್ಕೆ ಎಡಗೈಯಿಂದ ನೂಲು ಸುತ್ತುತ್ತಿದ್ದಳು. ಬಲಗೈ ಮಡಿಲಲ್ಲಿತ್ತು, ಅರ್ಧ ಮುಚ್ಚಿದ ಹಾಗೆ.

"ಅವತ್ತ ಫೋಟೋ ಹೊಡದ್ರಂತಲ್ಲ," ಎಂದಳು. "ಆಳುಗಳ ಕಡಿಂದ ಕೇಳಿ ಅಜ್ಜ ಹೇಳಿದ. ಅದರಾಗ ಸೀರಿ ಕಾಣತೈತೇನು? ಸೆರಗ ಅರ್ಧ ಆಗಿತ್ತು. ನೇದದ್ದು ಮಗ್ಗದ ದಿಂಡಿಗೆ ಸುತ್ಕೊಂಡ ಹೋಗತೈತಿ, ಬಿಚ್ಚಿದ ಮ್ಯಾಲೆ ಪೂರಾ ಕಾಣೋದು. ನಾ ನೋಡಲೇ ಇಲ್ಲ."

"ಅಳಿಸಿ ಹೋಗ್ಯಾವ ಬೇ," ಎಂದೆ. ಆ ಫೋಟೋವನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತೋರಿಸುತ್ತಿದ್ದೆ, ದಪ್ಪವನ್ನು ದೋಣಿಯಲ್ಲಿ ಅಳೆಯಬಾರದು ಎಂದು ಹೇಳುವುದಕ್ಕೆ.

"ಆತು ಬಿಡ್ರಿ."

ಸಹಿಗೆಂದು ಟ್ಯಾಬನ್ನು ಅವಳ ಮುಂದೆ ಹಿಡಿದೆ. ಒಪ್ಪಿಸುವ ಪುಟದ ಮೇಲ್ಭಾಗದಲ್ಲಿ ಐದೂ ಹಂತದ ಫೋಟೋ ಸಾಲಾಗಿ ಬರುತ್ತವೆ ಎನ್ನುವುದು ನನಗೆ ಆ ಕ್ಷಣ ಹೊಳೆಯಲಿಲ್ಲ. ಅವಳ ಎಡಗೈ ಬೆರಳು ಸಹಿಯ ಜಾಗಕ್ಕೆ ಹೋಗದೆ ಎರಡನೆಯದರ ಮೇಲೆ ನಿಂತಿತು. ಫೋಟೋ ದೊಡ್ಡದಾಯಿತು. ಮಣ್ಣಿನ ಗುಡ್ಡೆ, ಮುರಿದ ತೊಲೆ, ಅದರ ಕೆಳಗಿನಿಂದ ಬಿಚ್ಚಿಕೊಂಡು ಬಂದು ಹರಡಿದ್ದ ಕೆಂಪು ಸೆರಗು.

ಬಹಳ ಹೊತ್ತು ನೋಡಿದಳು. "ಛಲೋ ಬಂದಿತ್ತು ನೋಡ್ರಿ," ಎಂದಳು. ಆಮೇಲೆ ಟ್ಯಾಬನ್ನು ನನ್ನ ಕಡೆ ಸರಿಸಿ ಮತ್ತೆ ನೂಲು ಸುತ್ತತೊಡಗಿದಳು.

"ಸಹಿ, ಬೇ."

"ನಾ ಮಾಡಂಗಿಲ್ಲ."

ಎರಡು ಸಲ ಕೇಳಿದೆ. ಇದು ನಿಜವಾಗಿಯೂ ಎರಡು ಸಲ. ಅವಳು ನೂಲಿನ ಇನ್ನೊಂದು ಲಡಿ ಎತ್ತಿಕೊಂಡಳು.

ಹೊರಗೆ ಬಂದು ಎದುರು ಮನೆಯ ಕಟ್ಟೆಯ ಮೇಲೆ ಕೂತೆ. ಐದನೇ ಹಂತ ನೂರಾಗಲು ಸಹಿಯೊಂದೇ ಬಾಕಿ. ಟ್ಯಾಬನ್ನು ತೊಡೆಯ ಮೇಲಿಟ್ಟು ಅವಳ ಹೆಸರನ್ನು ನಾನೇ ಬರೆದೆ, ಅವಳದೇ ಎಂದು ಕಾಣಲಿ ಎಂದು ಎಡಗೈಯಿಂದ.